ವಿಭೂತಿ ಹಚ್ಚಿದ ಮರ

ಆ ಮರಕ್ಕೆ ವಿಭೂತಿ ಹಚ್ಚಿದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ಒಂದು ದಿನದಲ್ಲಿ ಎದುರಿಗೆ ಸಿಕ್ಕವರನ್ನೆಲ್ಲ ಬೈದಿದ್ದೇನೆ. ಉಳವಿಗೆ ಹೊರಟ ಯಾತ್ರಿಕರನ್ನು ಬೈದೆ, ಅವರ ಅಯ್ಯನವರನ್ನು ಬೈದೆ, ಹುಬ್ಬಳ್ಳಿಯಿಂದ ಬಂದ ಮರ್ಯಾದಸ್ಥ ಗಿರಾಕಿಯನ್ನೂ ಬೈದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಹೆಂಡತಿ ಅನ್ನಪೂರ್ಣಾ ಹೇಳುತ್ತಾಳೆ. ಅದು ಸುಳ್ಳಲ್ಲ.

ನನ್ನ ಹೆಸರು ಉಳವಪ್ಪ. ಅಪ್ಪ ಧಾರವಾಡದ ಕಡೆಯಿಂದ ದಾಂಡೇಲಿಗೆ ಬಂದು, ಕಾಗದದ ಕಾರ್ಖಾನೆಯ ಅಂಗಳದಲ್ಲಿ ಮೂವತ್ತು ವರ್ಷ ಬಿದಿರು ಇಳಿಸಿದವನು. ನಾನು ಬಿದಿರಿಗೆ ಕೈ ಹಚ್ಚಲಿಲ್ಲ. ಜೋಯಿಡಾ ಕಡೆಯ ಒಂದು ಹೋಮ್‌ಸ್ಟೇಯಲ್ಲಿ ಹನ್ನೊಂದು ವರ್ಷದಿಂದ ಗೈಡ್ ಆಗಿದ್ದೇನೆ. ನಸುಕಿನಲ್ಲಿ ಜೀಪು ಹತ್ತುವ ಜನಕ್ಕೆ ಹುಲಿ ಬೇಕು, ಕರಿ ಚಿರತೆ ಬೇಕು, ಅದೂ ನಾಷ್ಟಾಕ್ಕೆ ಮುಂಚೆಯೇ ಬೇಕು. ಸಿಗುವುದು ಕಾಡುಕೋಣದ ಬೆನ್ನು, ಇಲ್ಲವೆ ಕೆಂದಳಿಲಿನ ಬಾಲ. ಬಿಸಿಲೇರಿದ ಮೇಲೆ ಕಾಳಿ ನದಿಯಲ್ಲಿ ರಬ್ಬರ್ ದೋಣಿ ಹತ್ತಿ ಕಿರುಚಾಡಿ ಬರುತ್ತಾರೆ. ಸಂಜೆಗೆ ಈ ಕಾಡಿನಲ್ಲಿ ಏನೂ ಇಲ್ಲ ಎಂದು ನನ್ನ ಮುಖಕ್ಕೇ ಹೇಳುತ್ತಾರೆ. ಆಗ ನನ್ನ ಮಾನ ಉಳಿಸುವುದು ಮಂಗಟ್ಟೆ ಹಕ್ಕಿ.

ಮಂಗಟ್ಟೆ ಎಂದರೆ ಹದ್ದಿಗಿಂತ ದೊಡ್ಡದು. ಹಳದಿ ಕೊಕ್ಕು, ಕೊಕ್ಕಿನ ಮೇಲೊಂದು ಟೊಪ್ಪಿಗೆ. ಅದರ ಸಂಸಾರದ ರೀತಿಯೇ ಬೇರೆ. ಚಳಿ ಮುಗಿಯುವ ಹೊತ್ತಿಗೆ ಹೆಣ್ಣು ದೊಡ್ಡ ಮರದ ಪೊಟರೆ ಹೊಕ್ಕು, ಬಾಗಿಲನ್ನು ಒಳಗಿನಿಂದಲೇ ಮೆತ್ತಿಕೊಳ್ಳುತ್ತದೆ. ಕೊಕ್ಕು ಹಾಯುವಷ್ಟು ಸೀಳು ಮಾತ್ರ ಬಿಡುತ್ತದೆ. ಒಳಗೆ ತತ್ತಿ ಇಟ್ಟು, ರೆಕ್ಕೆಯ ಗರಿಗಳನ್ನು ಉದುರಿಸಿಕೊಂಡು, ತಿಂಗಳುಗಟ್ಟಲೆ ಕೂತಿರುತ್ತದೆ. ಅಷ್ಟೂ ದಿನ ಗಂಡು ಹಣ್ಣು ತಂದು ಆ ಸೀಳಿನೊಳಗೆ ಉಣಿಸಬೇಕು. ಗಂಡು ಬರುವುದು ನಿಂತಿತೋ, ಒಳಗಿನವಳ ಕಥೆ ಮುಗಿದಂತೆ.

ಅಂಥ ಒಂದು ಗೂಡು ನನಗೆ ಸಿಕ್ಕಿ ನಾಲ್ಕು ವರ್ಷವಾಗಿತ್ತು. ಹಳ್ಳದ ಆಚೆ, ಕಾಡಂಚಿನಲ್ಲಿ, ನಾಲ್ಕು ಜನ ಕೈಕೈ ಹಿಡಿದರೂ ತಬ್ಬಲಾಗದ ತಾರೆ ಮರ. ಗೂಡಿನ ಹತ್ತಿರ ಗಿರಾಕಿಗಳನ್ನು ಕರೆದೊಯ್ಯಲು ಪರವಾನಗಿ ಇಲ್ಲ. ನಾನು ಯಾರನ್ನೂ ಕೇಳಲೂ ಇಲ್ಲ. ನಂಬಿಕಸ್ತ ಗಿರಾಕಿ ಬಂದರೆ ಮಾತ್ರ ಕರೆದೊಯ್ಯುತ್ತಿದ್ದೆ. ಮರದಿಂದ ಇಪ್ಪತ್ತು ಹೆಜ್ಜೆ ದೂರಕ್ಕೆ ಸೊಪ್ಪಿನ ಮರೆ ಕಟ್ಟಿ, ಅದರ ಹಿಂದೆ ಕೂರಿಸುತ್ತಿದ್ದೆ. ಪ್ರತಿ ಮಳೆಗಾಲಕ್ಕೆ ಪೊದೆ ಬೆಳೆದು ದಾರಿ ಮುಚ್ಚುತ್ತದೆ, ಗುರುತು ಬೇಕು. ಆದರೆ ಬೇರೆ ಹೋಮ್‌ಸ್ಟೇಯ ಗೈಡುಗಳು ಹದ್ದಿನ ಕಣ್ಣಿನವರು. ದಾರಿಗೆ ಬಣ್ಣ ಹಚ್ಚಿದರೆ, ಬಟ್ಟೆ ಕಟ್ಟಿದರೆ, ಮರುದಿನವೇ ಅಲ್ಲಿ ಹತ್ತು ಕ್ಯಾಮೆರಾ ನಿಲ್ಲುತ್ತವೆ. ನನ್ನ ಜೇಬಿನಲ್ಲಿ ವಿಭೂತಿ ಗಟ್ಟಿ ಯಾವಾಗಲೂ ಇರುತ್ತದೆ. ಈ ವರ್ಷ ಅದನ್ನೇ ಒದ್ದೆ ಮಾಡಿ, ತಿರುವು ಬಂದಲ್ಲೆಲ್ಲ ಮರಕ್ಕೆ ಮೂರು ಬೆರಳು ಎಳೆದೆ. ತಾರೆ ಮರಕ್ಕೆ ಸ್ವಲ್ಪ ದೊಡ್ಡದಾಗಿಯೇ ಎಳೆದೆ. ನೋಡಿದವರು ಯಾರದೋ ಪೂಜೆ ಎಂದುಕೊಂಡು ಸುಮ್ಮನೆ ಹೋಗುತ್ತಾರೆ, ಮಳೆ ಬಂದರೆ ತೊಳೆದುಹೋಗುತ್ತದೆ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಆಮೇಲೆ ಹಳಿಯಾಳದಲ್ಲಿ ಅನ್ನಪೂರ್ಣಾಳ ಅಣ್ಣನ ಮನೆ ವಾಸ್ತುಶಾಂತಿ ಬಂತು. ಹೋಗದಿದ್ದರೆ ಆಕೆ ವರ್ಷವಿಡೀ ಬಿಡುವವಳಲ್ಲ. ಆರು ದಿನ ಅಲ್ಲಿ ಹೋಳಿಗೆ ತಿಂದು, ಕಬ್ಬಿನ ಲಾರಿಗಳ ಹಿಂದೆ ತೆವಳುತ್ತ ಬಸ್ಸಿನಲ್ಲಿ ವಾಪಸು ಬಂದೆ. ಮರುದಿನವೇ ಲೋಕೇಶ ಬರುವವರಿದ್ದರು.

ಲೋಕೇಶ ಹುಬ್ಬಳ್ಳಿಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟವರು. ಮೊಳಕೈ ಉದ್ದದ ಲೆನ್ಸ್, ಅದಕ್ಕೆ ಕೂಸಿಗೆ ಹೊದಿಸಿದಂತೆ ಬಟ್ಟೆ. ಗಂಡು ಮಂಗಟ್ಟೆ ಹೆಣ್ಣಿಗೆ ಉಣಿಸುವ ಒಂದು ಫೋಟೋಕ್ಕಾಗಿ ಎರಡು ವರ್ಷದಿಂದ ಬಂದು ಬರಿಗೈಯಲ್ಲಿ ಹೋಗಿದ್ದರು. ಈ ಸಲ ಸಿಕ್ಕೇ ಸಿಗುತ್ತದೆ ಎಂದು ಫೋನಿನಲ್ಲಿ ಮಾತು ಕೊಟ್ಟಿದ್ದೆ. ಬೆಳಿಗ್ಗೆ ಎಂಟಕ್ಕೆ ಇಬ್ಬರೂ ಹೊರಟೆವು. ದಾರಿಯುದ್ದಕ್ಕೂ ಹಕ್ಕಿ ಇರುತ್ತದಲ್ಲ, ಬರುತ್ತದಲ್ಲ ಎಂದು ಕೇಳಿ ಕೇಳಿ ತಲೆ ತಿಂದರು. ಹಳ್ಳದ ಹತ್ತಿರ ಬರುತ್ತಲೇ ನಾನು ನಿಂತೆ. ಗಂಟೆ ಬಾರಿಸುವ ಸದ್ದು ಕೇಳುತ್ತಿತ್ತು.

ಭಾರತ ಹುಣ್ಣಿಮೆಗೆ ಇನ್ನು ಎರಡೇ ದಿನ. ಉಳವಿ ಜಾತ್ರೆಗೆ ಹೋಗುವವರು ಚಕ್ಕಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ, ಕಾಲ್ನಡಿಗೆಯಲ್ಲಿ ಈ ಭಾಗದಲ್ಲಿ ಹಾಯುವುದು ಪ್ರತಿ ವರ್ಷದ ಮಾತು. ಆದರೆ ಅವರ ದಾರಿ ಮೇಲಿನ ರಸ್ತೆ. ಹಳ್ಳಕ್ಕೆ ಇಳಿಯುವುದು ನೀರಿಗಾಗಿ, ಅಡುಗೆಗಾಗಿ. ಆಚೆ ದಂಡೆಗೆ ಯಾರೂ ಹೋಗುತ್ತಿರಲಿಲ್ಲ. ಲೋಕೇಶರನ್ನು ಹಿಂದೆ ಬಿಟ್ಟು ಓಡಿದೆ.

ನನ್ನ ತಾರೆ ಮರ ದೇವರಾಗಿತ್ತು. ನಾನು ಎಳೆದ ಮೂರು ಗೆರೆಯ ಮೇಲೆ ಯಾರೋ ಮತ್ತೆ ವಿಭೂತಿ ಮೆತ್ತಿ ಅಂಗೈಯಗಲ ಮಾಡಿದ್ದರು. ಬುಡದಲ್ಲಿ ಹಳ್ಳದಿಂದ ತಂದ ಗುಂಡುಕಲ್ಲು, ಅದಕ್ಕೆ ಚೆಂಡುಹೂವು, ಸುತ್ತ ತೆಂಗಿನ ಕಾಯಿಯ ಚಿಪ್ಪು. ಊದಿನಕಡ್ಡಿಯ ಹೊಗೆ ನೇರ ಮೇಲೆ ಹೋಗುತ್ತಿತ್ತು. ನನ್ನ ಸೊಪ್ಪಿನ ಮರೆಯನ್ನು ಕಿತ್ತು ಒಲೆಗೆ ಹಾಕಿದ್ದರು. ಇಪ್ಪತ್ತು ಇಪ್ಪತ್ತೈದು ಜನ ಸಾಲಾಗಿ ನಿಂತು ಕಾಯಿ ಒಡೆಸುತ್ತಿದ್ದರು. ಒಡೆಯುತ್ತಿದ್ದವರು ಅಡಿವೆಯ್ಯ ಎಂಬ ಅಯ್ಯನವರು. ಬುಡದಲ್ಲಿ ಕೂತು ಎಲ್ಲರ ಹಣೆಗೆ ಭಸ್ಮ ಹಚ್ಚುತ್ತಿದ್ದವಳು ಅರವತ್ತು ದಾಟಿದ ಒಬ್ಬ ಹೆಂಗಸು. ಸೀರೆಯ ಮೇಲೆ ಮುಂಡಗೋಡದ ಟಿಬೆಟನ್ ಕಾಲೊನಿಯಲ್ಲಿ ಕೊಂಡ ದಪ್ಪನೆಯ ಸ್ವೆಟರ್ ಹಾಕಿಕೊಂಡಿದ್ದಳು.

ಎಲ್ಲಕ್ಕಿಂತ ಹೆಚ್ಚು ನಾನು ಹೆದರಿದ್ದು ನೆಲ ನೋಡಿ. ಗೂಡಿನಲ್ಲಿರುವ ಹಕ್ಕಿ ಬದುಕಿದೆಯೋ ಇಲ್ಲವೋ ತಿಳಿಯಲು ನಾವು ಮೇಲೆ ನೋಡುವುದಿಲ್ಲ, ಕೆಳಗೆ ನೋಡುತ್ತೇವೆ. ಸೀಳಿನ ನೇರ ಕೆಳಗೆ ಹಿಕ್ಕೆ, ಹಣ್ಣಿನ ಬೀಜ, ಉದುರಿದ ಗರಿ ಬಿದ್ದಿರುತ್ತವೆ. ಹಸಿಯಾಗಿದ್ದರೆ ಊಟ ನಡೆದಿದೆ ಎಂದರ್ಥ. ಇವರು ಬುಡವನ್ನೆಲ್ಲ ಗುಡಿಸಿ, ಸೆಗಣಿ ಹಾಕಿ ಸಾರಿಸಿ, ರಂಗೋಲಿ ಎಳೆದಿದ್ದರು. ಸಾರಿಸಿದ ನೆಲದ ಮೇಲೆ ಒಂದು ಬೀಜವೂ ಬಿದ್ದಿರಲಿಲ್ಲ.

ನಾನು ಬಾಯಿಗೆ ಬಂದಂತೆ ಕೂಗಾಡಿದೆ. ಯಾರು ಇಲ್ಲಿ ಗಂಟೆ ತಂದವರು, ಯಾರು ಒಲೆ ಹೂಡಿದವರು, ಕಾಡೆಂದರೆ ನಿಮ್ಮ ಮನೆಯ ಹಿತ್ತಿಲೇ ಎಂದೆಲ್ಲ ಅಂದೆ. ಜನ ನನ್ನನ್ನು ಕುಡಿದು ಬಂದವನೆಂದು ತಿಳಿದರು. ಇಬ್ಬರು ಗಂಡಸರು ರಟ್ಟೆ ಹಿಡಿಯಲು ಬಂದರು. ಆ ಹೆಂಗಸು ಮಾತ್ರ ಕೂತಲ್ಲಿಂದಲೇ, ಸಿಟ್ಟಿಲ್ಲದೆ, ಚಪ್ಪಲಿ ಬಿಟ್ಟು ಬಾ ಎಂದಳು. ಆಕೆಯ ಹೆಸರು ಕಾಶೆವ್ವ, ಮುಂಡಗೋಡ ತಾಲೂಕಿನ ಮಳಗಿಯವಳು. ಮಗಳು ದ್ರಾಕ್ಷಾಯಣಿಗೆ ಎರಡು ಸಲ ಬಸಿರು ನಿಲ್ಲದೆ ಹೋಗಿ, ಈಗ ಎಂಟು ತಿಂಗಳು ತುಂಬಿದೆಯಂತೆ. ಸುಸೂತ್ರ ಹೆರಿಗೆಯಾಗಲಿ ಎಂದು ಹರಕೆ ಹೊತ್ತು ಬರಿಗಾಲಲ್ಲಿ ನಡೆದು ಬಂದವಳು. ಹಳ್ಳಕ್ಕೆ ನೀರಿಗೆ ಇಳಿದಾಗ ವಿಭೂತಿ ಹಚ್ಚಿದ ಮರ ಕಂಡಿದೆ. ಮುಂದೆ ಇನ್ನೊಂದು, ಅದರ ಮುಂದೆ ಮತ್ತೊಂದು. ಹಿಂಬಾಲಿಸಿ ಬಂದರೆ ಈ ದೊಡ್ಡ ಮರ. ಯಾರೂ ಇಲ್ಲದ ಕಾಡಿನಲ್ಲಿ ತನಗೆಂದೇ ದೇವರು ದಾರಿ ತೋರಿಸಿದ್ದಾನೆ ಎಂದುಕೊಂಡು, ಜೊತೆಯವರನ್ನು ಮುಂದೆ ಕಳಿಸಿ, ಅಯ್ಯನವರೊಡನೆ ಮೂರು ದಿನದಿಂದ ಅಲ್ಲೇ ಉಳಿದಿದ್ದಳು. ಸುದ್ದಿ ರಸ್ತೆಗೆ ಹೋಗಿ, ಹಾಯುವ ತಂಡವೆಲ್ಲ ಇಳಿದು ಬರತೊಡಗಿತ್ತು.

ಆ ಗೆರೆ ಎಳೆದವನು ನಾನು, ದಾರಿಯ ಗುರುತಿಗೆ ಎಳೆದದ್ದು ಎಂದು ಹೇಳಿದೆ. ಜೇಬಿನಿಂದ ವಿಭೂತಿ ಗಟ್ಟಿ ತೆಗೆದು ತೋರಿಸಿದೆ. ಇನ್ನು ಇವರು ನಾಚಿಕೊಂಡು ಎದ್ದು ಹೋಗುತ್ತಾರೆ ಎಂದುಕೊಂಡಿದ್ದೆ. ಅಡಿವೆಯ್ಯ ಕಾಯಿ ಒಡೆಯುವ ಕೈ ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಹಚ್ಚಿದ ಕೈ ನಿಂದ ಇರಬಹುದಪಾ. ಹಚ್ಚು ಅಂತ ನಿನಗ ಬುದ್ಧಿ ಕೊಟ್ಟಾವ ಯಾರು?"

ಜನರೆಲ್ಲ ಹೌದು ಹೌದು ಎಂದರು. ಒಬ್ಬ ಮುದುಕ ಬಂದು ನನ್ನ ಕಾಲು ಮುಟ್ಟಿಯೇಬಿಟ್ಟ. ಏನು ಮಾಡುವುದು ಇಂಥವರಿಗೆ? ಬೈದರೂ ನಡೆಯದು, ನಿಜ ಹೇಳಿದರೂ ನಡೆಯದು. ಹಿಂದಿನಿಂದ ಬಂದ ಲೋಕೇಶ, ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿ ಎಬ್ಬಿಸೋಣ ಎಂದು ಕಿವಿಯಲ್ಲಿ ಹೇಳಿದರು. ಇಲಾಖೆಯವರು ಬಂದರೆ ಮೊದಲು ಕೇಳುವುದು ಗೂಡಿನ ಹತ್ತಿರ ನಿನಗೇನು ಕೆಲಸ ಎಂದು. ಸುಮ್ಮನಿರ್ರೀ ಸಾಹೇಬ್ರ ಎಂದು ಅವರ ಮೇಲೆಯೇ ಹರಿಹಾಯ್ದೆ. ಕಾಲು ಸುಟ್ಟ ಬೆಕ್ಕಿನಂತೆ ಮರದ ಸುತ್ತ ಸುತ್ತಿದೆ. ಸೀಳು ಕಾಣುತ್ತಿತ್ತು. ಒಳಗೆ ಏನೂ ಅಲುಗಾಡುತ್ತಿರಲಿಲ್ಲ.

ಕೊನೆಗೆ ಕಾಶೆವ್ವನ ಎದುರು ಕುಕ್ಕರುಗಾಲಲ್ಲಿ ಕೂತೆ. ಸಿಟ್ಟೆಲ್ಲ ಎಲ್ಲಿ ಹೋಯಿತೋ, ಕೈ ಮೇಲೆ ಮಾಡಿ ತೋರಿಸಿದೆ.

"ಯವ್ವಾ, ಸ್ವಲ್ಪ ಮ್ಯಾಲೆ ನೋಡು. ಆ ಸೀಳು ಕಾಣಸ್ತೈತಿಲ್ಲ, ಅದರಾಗ ಒಂದು ಹಕ್ಕಿ ಐತಿ. ತತ್ತಿ ಇಟ್ಟು ಬಾಗಲಾ ಮೆತ್ತಿಕೊಂಡು ಕುಂತೈತಿ. ರೆಕ್ಕಿ ಉದುರಿಸಿಕೊಂಡೈತಿ, ಹೊರಗ ಬಂದ್ರ ಹಾರಾಕ ಬರೂದಿಲ್ಲ. ಗಂಡ ತಂದು ಹಾಕಿದ್ರಷ್ಟ ಊಟ. ನಿಮ್ಮ ಗಂಟಿ, ಹೊಗಿ ನೋಡಿ ಅಂವ ಹತ್ತರ ಬರವಲ್ಲ."

ಆಕೆ ತಲೆಯೆತ್ತಿ ಬಹಳ ಹೊತ್ತು ನೋಡಿದಳು. ಭಸ್ಮದ ಬಟ್ಟಲು ಕೆಳಗಿಟ್ಟಳು. ಒಳಗೆ ಹೋಗಿ ಎಷ್ಟು ದಿನವಾಯಿತು ಎಂದು ಕೇಳಿದಳು. ಹನ್ನೆರಡು ದಿನ ಎಂದೆ. ಆಮೇಲೆ ಸೆರಗಿನ ತುದಿಯ ಗಂಟು ಬಿಚ್ಚಿ ನನ್ನ ಮುಂದೆ ಹಿಡಿದಳು. ಬಾಡಿದ ಒಂದು ಆಲದ ಹಣ್ಣು. ನಿನ್ನೆ ನಸುಕಿನಲ್ಲಿ, ಯಾರೂ ಏಳುವ ಮೊದಲು ಕಣ್ಣು ಮುಚ್ಚಿ ಕೂತಿದ್ದಾಗ ಉಡಿಯೊಳಗೆ ಬಿತ್ತಂತೆ. ದೇವರು ಉಡಿ ತುಂಬಿದ ಎಂದು ಮಗಳಿಗಾಗಿ ಕಟ್ಟಿಟ್ಟುಕೊಂಡಿದ್ದಳು. ಸುತ್ತಮುತ್ತ ಎಲ್ಲೂ ಆಲದ ಮರವಿಲ್ಲ. ಗಂಡು ಬಂದಿದೆ, ಕೆಳಗೆ ಜನ ಕಂಡು ಬೆದರಿದೆ, ಹಣ್ಣು ಕೊಕ್ಕಿನಿಂದ ಜಾರಿದೆ. ಇದನ್ನು ನಾನು ಬಿಡಿಸಿ ಹೇಳಬೇಕಾಗಲಿಲ್ಲ. ಕಾಶೆವ್ವನ ಮುಖದ ಬಣ್ಣವೇ ಇಳಿದುಹೋಯಿತು.

"ನನ್ನ ಮಗಳಿಗಂತ ಬೇಡಿಕೊಂಡು ಮತ್ತೊಬ್ಬಾಕಿ ಬಾಯಾಗಿಂದು ಕಸಗೊಂಡೆನಲ್ಲೋ ತಮ್ಮಾ."

ಎದ್ದು ನಿಂತಳು. ನಾನು ಅರ್ಧ ತಾಸು ಗಂಟಲು ಹರಿದುಕೊಂಡು ಮಾಡಲಾಗದ್ದನ್ನು ಆಕೆ ಎರಡು ಮಾತಿನಲ್ಲಿ ಮಾಡಿದಳು. ಇದು ಬಾಣಂತಿ ಮನೆ, ಇಲ್ಲಿ ಗಂಟೆ ಗದ್ದಲ ನಡೆಯುವುದಿಲ್ಲ, ಎಲ್ಲರೂ ಹಳ್ಳ ದಾಟಿ ಹೋಗಿರಿ ಎಂದಳು. ಅಡಿವೆಯ್ಯ ಏನೋ ಹೇಳಲು ಬಾಯಿ ತೆಗೆದರು. ಅಯ್ಯಾರ, ನಿಮ್ಮನ್ನೂ ಒಬ್ಬಾಕಿ ಹಡದಾಳ ಎಂದು ಅವರ ಬಾಯಿ ಮುಚ್ಚಿಸಿದಳು. ಹೆಂಗಸರು ಊದಿನಕಡ್ಡಿಯನ್ನು ನೀರಿನಲ್ಲಿ ಅದ್ದಿದರು, ಒಲೆಗೆ ಮಣ್ಣು ಮುಚ್ಚಿದರು. ಅಯ್ಯನವರು ಗಂಟೆಯ ನಾಲಿಗೆಗೆ ಅರಿವೆ ಸುತ್ತಿ ಚೀಲಕ್ಕೆ ಹಾಕಿಕೊಂಡರು. ಒಬ್ಬೊಬ್ಬರೂ ಹೆರಿಗೆಯಾದ ಮನೆಯಿಂದ ಹೊರಬೀಳುವಂತೆ ಸದ್ದಿಲ್ಲದೆ ನಡೆದರು.

ನನಗೆ ಜೀವ ಬಂದಂತಾಯಿತು. ಕಿತ್ತು ಹಾಕಿದ್ದ ಸೊಪ್ಪಿನ ಮರೆಯ ಗೂಟಗಳನ್ನು ಹುಡುಕಿ ಮತ್ತೆ ನೆಡತೊಡಗಿದೆ. ಲೋಕೇಶರೂ ಲೆನ್ಸಿನ ಬಟ್ಟೆ ಬಿಚ್ಚಿದರು. ನೋಡಿದರೆ ಕಾಶೆವ್ವ ಹೋಗದೆ ನಮ್ಮ ಹಿಂದೆಯೇ ನಿಂತಿದ್ದಾಳೆ. ಇದು ಯಾತಕ್ಕೆ ಎಂದು ಕೇಳಿದಳು. ಯಾರಾದರೂ ಇಲ್ಲಿದ್ದು ನೋಡಬೇಕಲ್ಲ, ಗಂಡು ಬಂತೋ ಇಲ್ಲವೋ, ಒಳಗಿನದು ಬದುಕಿದೆಯೋ ಇಲ್ಲವೋ ತಿಳಿಯಬೇಕಲ್ಲ ಎಂದೆ. ನಾವು ಮರೆಯಲ್ಲಿರುತ್ತೇವೆ, ಹಕ್ಕಿಗೆ ಗೊತ್ತೇ ಆಗುವುದಿಲ್ಲ, ನಾಲ್ಕು ವರ್ಷದಿಂದ ಹೀಗೆಯೇ ನೋಡುತ್ತ ಬಂದಿದ್ದೇನೆ ಎಂದೂ ಹೇಳಿದೆ.

ಪ್ರತಿ ವರ್ಷ ಮರಿ ಬರುತ್ತವೆಯೇ ಎಂದು ಕೇಳಿದಳು.

ಹೋದ ವರ್ಷ ಬರಲಿಲ್ಲ ಎಂದೆ. ಅರ್ಧದಲ್ಲಿಯೇ ಗೂಡು ಖಾಲಿಯಾಗಿತ್ತು. ಮಂಗಗಳು ಏನಾದರೂ ಮಾಡಿರಬೇಕು ಎಂದೆ. ಹೋದ ವರ್ಷ ಲೋಕೇಶರೂ ಸೇರಿ ಐದು ತಂಡಗಳನ್ನು ಇದೇ ಮರೆಯಲ್ಲಿ ಕೂರಿಸಿದ್ದೆ. ಅದನ್ನು ಆಕೆಗೆ ಹೇಳಲಿಲ್ಲ. ಲೋಕೇಶ ನನ್ನ ಮುಖ ನೋಡಿ, ತಮ್ಮ ಲೆನ್ಸನ್ನು ನೋಡಿಕೊಂಡರು.

"ನಾವು ಕೈ ಮುಗಿಯಾಕ ಬಂದು ತಪ್ಪು ಮಾಡಿದ್ವಿ, ಖರೆ," ಎಂದಳು ಕಾಶೆವ್ವ. "ನೀ ನೋಡಾಕ ಬಂದಿ. ನೀ ನೋಡಿದ್ರ ಆಕಿ ಉಳೀತಾಳೇನು?"

ನನಗೆ ಸಿಟ್ಟು ನೆತ್ತಿಗೇರಿತು. ಈ ಕಾಡಿನಲ್ಲಿ ಹನ್ನೊಂದು ವರ್ಷ ಸವೆಸಿದವನಿಗೆ ಮೂರು ದಿನದ ಹಿಂದೆ ಬಂದ ಹೆಂಗಸು ಹೇಳುವುದೇ? ನೀನು ಹೋಗು, ನಿನಗೇನು ಗೊತ್ತು ಎಂದೆ. ಆಕೆ ಅಲುಗಲಿಲ್ಲ. ನೀವು ಇರುವ ತನಕ ನಾನೂ ಇರುತ್ತೇನೆ ಎಂದು ನಿಂತೇ ಇದ್ದಳು. ಮೂವರೂ ಹಾಗೆ ನಿಂತರೆ ಆ ಹಕ್ಕಿ ಬರುವುದು ಮುಂದಿನ ಜನ್ಮಕ್ಕೆ. ಹೊತ್ತು ಹೋಗುತ್ತಿತ್ತು. ಕೈಯಲ್ಲಿದ್ದ ಗೂಟ ಒಗೆದು ನಾನೇ ಮೊದಲು ಹೊರಟೆ. ಲೋಕೇಶ ಬಟ್ಟೆ ಹೊದಿಸಿ ಲೆನ್ಸ್ ಹೆಗಲಿಗೇರಿಸಿದರು. ಅವರ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಹಳ್ಳದ ಈಚೆ ದಂಡೆಯಲ್ಲಿ ಎಲ್ಲರೂ ಕೂತಿದ್ದರು. ರಸ್ತೆಯಿಂದ ಹೊಸ ತಂಡ ಇಳಿದರೆ ಅಡಿವೆಯ್ಯನವರೇ ಎದ್ದು ಹೋಗಿ ತಡೆದು, ಬಾಣಂತಿ ಮನೆ ಎಂದು ಕೈ ಮಾಡಿ ತೋರಿಸಿ ತಿರುಗಿಸಿ ಕಳಿಸುತ್ತಿದ್ದರು. ಹನ್ನೊಂದು ಗಂಟೆಯಾಯಿತು. ಹನ್ನೆರಡಾಯಿತು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದೆ, ನೀರಿನ ತನಕ ಹೋದೆ, ತಿರುಗಿ ಬಂದೆ. ಒಂದೇ ಒಂದು ಸಲ ಹೋಗಿ ಇಣುಕಿ ಬರುತ್ತೇನೆ ಎಂದು ಕಾಲು ಎಳೆಯುತ್ತಿತ್ತು. ಎರಡು ಸಲ ನೀರಿಗೆ ಇಳಿದೆ ಕೂಡ. ಎರಡು ಸಲವೂ ನಾನೇ ಹಿಂದೆ ಬಂದೆ. ಒಳಗೆ ಆ ಕತ್ತಲಲ್ಲಿ, ರೆಕ್ಕೆ ಇಲ್ಲದೆ, ತತ್ತಿಯ ಮೇಲೆ ಕೂತು ಅದು ಸೀಳಿನ ಕಡೆ ನೋಡುತ್ತಿರಬಹುದು ಎಂದುಕೊಂಡೆ. ಸತ್ತೇ ಹೋಗಿದ್ದರೆ? ನನಗೆ ಅಳು ಬರುವಂತಾಗಿ, ಅದನ್ನು ಮುಚ್ಚಿಕೊಳ್ಳಲು ಲೋಕೇಶರ ಮೇಲೆ ರೇಗಿದೆ. ನಿಮ್ಮ ಫೋಟೋದ ಹುಚ್ಚಿನಿಂದಲೇ ಇದೆಲ್ಲ ಎಂದೆ. ಅವರು ಇರಬಹುದು ಎಂದರು.

ಎರಡು ಗಂಟೆಯ ಸುಮಾರಿಗೆ ಪಡುವಣದ ಕಡೆಯಿಂದ ಗಾಳಿ ಕೊಯ್ಯುವಂಥ ಸದ್ದು ಬಂತು. ಜಗ್ಗಿ ಜಗ್ಗಿ ಉಸಿರೆಳೆದಂಥ ಸದ್ದು. ಮಂಗಟ್ಟೆಯ ರೆಕ್ಕೆಯದು. ಯಾರೂ ಮೇಲೇಳಬೇಡಿ ಎಂದು ಕೈಯಾಡಿಸಿ ತೋರಿಸಿದೆ. ಗಂಡು ನಮ್ಮ ನೆತ್ತಿಯ ಮೇಲೆಯೇ, ಹಳ್ಳದ ಗುಂಟ, ತಾರೆ ಮರದ ದಿಕ್ಕಿಗೆ ಹೋಯಿತು. ಕೊಕ್ಕಿನ ಕೆಳಗೆ ಗಂಟಲು ಹಣ್ಣು ತುಂಬಿದ ಚೀಲದಂತೆ ಉಬ್ಬಿತ್ತು. ಅದು ಮರಗಳ ಹಿಂದೆ ಮರೆಯಾಯಿತು. ನಾನು ಎರಡೂ ಕೈಯಿಂದ ಹುಲ್ಲು ಹಿಡಿದುಕೊಂಡು ಕೂತೆ. ಮರದ ತನಕ ಹೋಗಿ ಬೆದರಿ ಹಿಂದೆ ಬರಬಹುದು. ಒಳಗಿನಿಂದ ಕೊಕ್ಕು ಹೊರಬಾರದಿದ್ದರೆ ಹಣ್ಣು ಹೊತ್ತುಕೊಂಡೇ ತಿರುಗಬಹುದು. ಐದು ನಿಮಿಷವಾಯಿತೋ ಹತ್ತಾಯಿತೋ, ನನ್ನ ಲೆಕ್ಕ ತಪ್ಪಿಹೋಯಿತು. ಇಪ್ಪತ್ತೈದು ಜನರಲ್ಲಿ ಒಂದು ಕೆಮ್ಮೂ ಇಲ್ಲ.

ಮತ್ತೆ ಅದೇ ಸದ್ದು. ಗಂಡು ಅದೇ ದಾರಿಯಲ್ಲಿ ವಾಪಸು ಬಂತು. ಕುತ್ತಿಗೆ ನೀಟಾಗಿ ತೆಳ್ಳಗಿತ್ತು. ಗಂಟಲಲ್ಲಿ ಒಂದು ಹಣ್ಣೂ ಉಳಿದಿರಲಿಲ್ಲ.

ಉಂಡಳು ಎಂದೆ. ಅಷ್ಟೇ ಬಾಯಿಂದ ಬಂದದ್ದು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಲೋಕೇಶ ಕ್ಯಾಮೆರಾ ಮುಟ್ಟಿರಲೇ ಇಲ್ಲ, ಬಾಯಿ ತೆರೆದು ಆಕಾಶ ನೋಡುತ್ತಿದ್ದರು. ಕಾಶೆವ್ವ ನನ್ನ ಪಕ್ಕಕ್ಕೆ ಸರಿದು, ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದಳು. ಹೋಗುವಾಗ ಗಂಟಲು ಉಬ್ಬಿತ್ತು, ಬರುವಾಗ ಇಳಿದಿತ್ತು, ಒಳಗಿನವಳು ತೆಗೆದುಕೊಳ್ಳದಿದ್ದರೆ ಅದು ಖಾಲಿಯಾಗುವುದಿಲ್ಲ ಎಂದು ಬಿಡಿಸಿ ಹೇಳಿದೆ. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ತಲೆಯಾಡಿಸಿದಳು. ಕೊಂಕು ಏನೂ ಇರಲಿಲ್ಲ, ಸಮಾಧಾನವಾಗಿಯೇ ಅಂದಳು:

"ಹಂಗಾರ ಎಲ್ಲಾ ಇಲ್ಲಿಂದನ ಗೊತ್ತಾಗ್ತೈತಿ."

ಹೂಂ ಎಂದೆ. ನಾಲ್ಕು ವರ್ಷ ಪ್ರತಿ ಗಿರಾಕಿಯನ್ನೂ ಈ ದಂಡೆಯಲ್ಲೇ ಕೂರಿಸಿ, ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟು, ಅವರು ಕುಡಿದು ಮುಗಿಸಿದ ಮೇಲೆ, ಇನ್ನೂ ಹತ್ತಿರ ಹೋಗೂಣು ಬರ್ರಿ ಎಂದು ಎಬ್ಬಿಸಿಕೊಂಡು ಹೋಗುತ್ತಿದ್ದವನು ನಾನು.